ಸರಕಿನ ಹೆಸರು

ಚಳ್ಳಕೆರೆ ಟೋಲ್‌ಗೇಟಿನಾಚೆ ನಮ್ಮ ವೇಬ್ರಿಜ್ಜು.
ಹಗಲಿಡೀ ಮೆಕ್ಕೆಜೋಳ, ಶೇಂಗಾ, ಕಲ್ಲುಪುಡಿ;
ಏರುತ್ತವೆ, ಗಡಗಡಿಸುತ್ತವೆ, ನಿಲ್ಲುತ್ತವೆ.
ನಾನು ಕಿಟಕಿಯಿಂದ "ಇಳೀರಿ" ಅನ್ನುತ್ತೇನೆ.
ಡ್ರೈವರಿನ ಎಪ್ಪತ್ತು ಕೇಜಿ ಯಾರ ಲೆಕ್ಕಕ್ಕೂ ಬೇಡ.

ಮೊನ್ನೆ ಮಂಗಳವಾರ ಹತ್ತಿತು ಒಂದು ಬೂದು ಲಾರಿ.
ಲಾರಿ ಅನ್ನಲೂ ಆಗದು: ಕಿಟಕಿಗೆ ಪರದೆ,
ಪರದೆಗೆ ಕೈಯಲ್ಲಿ ಹೊಲಿದ ಅಂಚು.
ಇಳಿದವಳು ಹೆಡ್ವಿಗ್, ಅರವತ್ತು ದಾಟಿದಾಕೆ,
ದುರ್ಗದ ಬಿಸಿಲಿಗೆ ಮೂಗು ಈರುಳ್ಳಿಯಂತೆ ಸುಲಿದಿತ್ತು.
ಅವಳ ಕೈಯ ಫೋನು ಗಂಟಲು ಸರಿಮಾಡಿಕೊಂಡು
ಕಚೇರಿ ಕನ್ನಡದಲ್ಲಿ ನುಡಿಯಿತು:
"ನಮ್ಮ ಮನೆಯ ಭಾರವನ್ನು ದಯಮಾಡಿ ತಿಳಿಸತಕ್ಕದ್ದು."

ಏಳು ಸಾವಿರದ ಐನೂರ ನಲವತ್ತು.

ಅವಳ ಮುಖ ಇಳಿಯಿತು, ಅಂಕಿ ಇಳಿಯಲಿಲ್ಲ.
ಏಳೂವರೆ ಟನ್ನಿನ ಮೇಲೆ ಒಂದು ಚೂರಾದರೂ
ಅವರ ಲೈಸೆನ್ಸು ಸಾಲದಂತೆ, ಅವರ ಕಡೆ.
ಹಿಂದೆ ಈರುಳ್ಳಿ ಹೇರಿಕೊಂಡು ಹಾರ್ನು ಹೊಡೆಯುತ್ತಿದ್ದ ಪಾಲಯ್ಯ
ಇಳಿದು ಬಂದ, ಟವೆಲ್ ಹೆಗಲಿಗೆಸೆದು:
"ನಲವತ್ತು ಕೇಜೀನಾ? ನಮ್ಮಲ್ಲಿ ಅದಕ್ಕೆ
ಓವರ್‌ಲೋಡು ಅನ್ನಲ್ಲ ಕಣಮ್ಮ, ಕ್ಲೀನರ್ ಅಂತೀವಿ."
ಫೋನು ಅದನ್ನೂ ದಾಟಿಸಿತು. ಅವಳು ನಗಲಿಲ್ಲ.
ಒಳಗಿನಿಂದ ಒಂದು ಫೈಲು ತಂದಳು, ದೇಶಕ್ಕೊಂದು ಹಾಳೆ.

ಪಾಲಯ್ಯನಿಗೂ ಹುರುಪು ಬಂತು. ಸೀಟಿನಡಿಯಿಂದ ಅವನದೂ ತಂದ:
ಪರ್ಮಿಟ್ಟು, ಎಫ್‌ಸಿ, ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು,
ಎಲ್ಲಕ್ಕೂ ಡೀಸೆಲ್ ಬೆರಳಿನ ಗುರುತು.
ಬಿಸಿ ಬಾನೆಟ್ಟಿನ ಮೇಲೆ ಎರಡೂ ಹರಡಿದವು.
ಅವಳಿಗೂ ಐದು ವರ್ಷಕ್ಕೊಮ್ಮೆ ಡಾಕ್ಟರ ಮುಂದೆ
ಒಂದು ಕಣ್ಣು ಮುಚ್ಚಿ ಅಕ್ಷರ ಓದುವುದಿದೆ.
"ನನಗೂ ಐತೆ," ಅಂದ, "ಕೊನೇ ಸಾಲು ಬಾಯಿಪಾಠ."
ಒಂದು ದೇಶದಲ್ಲಿ ಕಿಲೋಮೀಟರಿಗಿಷ್ಟು ಅಂತ
ಗಾಜಿನ ಮೇಲೆ ಕೂತ ಡಬ್ಬಿ ಕುಂಯ್ ಎಂದು ದುಡ್ಡು ಕೀಳುತ್ತದೆ,
ಇನ್ನೊಂದರಲ್ಲಿ ಗಾಡಿಯ ಬದಿಗೆ ಸ್ಟಿಕರ್ ಬೇಕು:
"ಇಲ್ಲಿ ನಿಂತರೆ ನೀವು ನನಗೆ ಕಾಣಿಸುವುದಿಲ್ಲ."
ಪಾಲಯ್ಯ ಅದನ್ನು ಎರಡು ಸಲ ಕೇಳಿ ತಲೆದೂಗಿದ.

ನನ್ನನ್ನು ಹಿಡಿದದ್ದು ಮಾತ್ರ ಬೇರೆ ಹಾಳೆ.
ಅಲ್ಲಿ ಕೆಲವು ಊರಲ್ಲಿ ರಸ್ತೆ ಬದಿ ಗಾಡಿ ನಿಲ್ಲಿಸಿ
ರಾತ್ರಿ ಮಲಗಬಹುದು, ತಪ್ಪಿಲ್ಲ.
ಕುರ್ಚಿ ಹೊರಗಿಡಬಾರದು.
ಇಟ್ಟರೆ ಅದು ನಿಲುಗಡೆಯಲ್ಲ, ವಾಸ. ವಾಸಕ್ಕೆ ದಂಡ.

ಈ ಊರಲ್ಲಿ ನಾನು ಏಳು ಬಾಡಿಗೆ ಮನೆ ಬದಲಿಸಿದವಳು.
ಮೊಳೆ ಹೊಡೆಯಬೇಡಿ, ಒಗ್ಗರಣೆ ಘಾಟು ಬೇಡ,
ಹತ್ತರ ಮೇಲೆ ಗೇಟು ತೆಗೆಯಲ್ಲ;
ಮೆಟ್ಟಿಲ ಮೇಲೆ ಸಂಜೆ ಕೂತಿದ್ದಕ್ಕೆ
ಮೆದೇಹಳ್ಳಿ ರಸ್ತೆಯ ಓನರಮ್ಮ ಅಂದದ್ದೂ ಇದೇ ಅಲ್ಲವೇ?
ಅವಳಿಗೆ ಇದನ್ನು ಹೇಳಬೇಕೆನಿಸಿತು.
ಫೋನು ಏನು ಮಾಡಿ ಹೇಳುತ್ತದೋ ಎಂದು ಸುಮ್ಮನಾದೆ.

ಅವಳ ಗಂಡ ಅಷ್ಟರಲ್ಲಿ ಗಾಡಿಯಡಿ ತೂರಿ
ನೀರಿನ ನಲ್ಲಿ ಬಿಚ್ಚಿದ್ದ. ನೀರು ಮಣ್ಣಿಗೆ!
ಟೀ ಅಂಗಡಿಯ ಜಬೀನಾ ಕೂಗಿಕೊಂಡು ಓಡಿ ಬಂದಳು,
ಎರಡು ಕೊಡ, ಬಕೆಟ್ಟು, ಹಾಲಿನ ಕ್ಯಾನು, ಕೊನೆಗೆ ಬೋಸಿ.
ಲೀಟರಿಗೊಂದು ಕೇಜಿ, ಕಾನೂನು ಹನಿಹನಿ ಇಳಿಯಿತು.
ಆ ನೀರಲ್ಲೇ ಕಾಯಿಸಿದ ಟೀ ಐವರೂ ಕುಡಿದೆವು.

ಏಳು ಸಾವಿರದ ನಾನೂರ ಎಪ್ಪತ್ತು.
ಹೆಡ್ವಿಗ್ ಪಾಲಯ್ಯನ ಕೈ ಕುಲುಕಿದಳು,
ಅವನೇ ಅಷ್ಟೂ ತೂಕ ಇಳಿಸಿದವನಂತೆ.
ಅವನು ತನ್ನ ಬಂಪರಿನ ನಿಂಬೆಹಣ್ಣು ಮೆಣಸಿನಕಾಯಿ ಬಿಚ್ಚಿ
ಅವರದಕ್ಕೆ ಕಟ್ಟಿದ. "ಎಷ್ಟು ಗ್ರಾಂ?" ಅಂದಳು. ಫೋನಲ್ಲ, ಅವಳೇ.

ಚೀಟಿಯಲ್ಲಿ ಒಟ್ಟು ತೂಕ ಬಂತು. ಖಾಲಿ ತೂಕ ಇಲ್ಲ;
ಮನೆಯನ್ನು ಖಾಲಿ ಮಾಡಿಸಿ ತೂಗುವುದು ಹೇಗೆ?
ನಿವ್ವಳ ಎಂಬಲ್ಲಿ ಮಿಷನ್ನು ಬರೀ ಗೀಟು ಹಾಕಿತು.
ಸರಕಿನ ಹೆಸರು ಎಂಬಲ್ಲಿ
ಕರ್ಸರು ಮಿಣುಕುತ್ತಲೇ ಇತ್ತು.
ಹಿಂದೆ ಲಾರಿಗಳ ಸಾಲು, ಹಾರ್ನಿನ ಮೇಲೆ ಹಾರ್ನು.
'ಇತರೆ' ಒತ್ತಬಹುದಿತ್ತು, ಒಂದೇ ಬಟನ್ನು.
ನಾನು ಒಂದೊಂದೇ ಅಕ್ಷರ ಹುಡುಕಿ
ಕುರ್ಚಿ, ಎರಡು, ಅಂತ ಹೊಡೆದೆ.