ಬಾಯ್ತುಂಬ ಮೊಳೆ

ಗಿರಿಜಾ ಟಾಕೀಸಿನ ಸ್ಟ್ಯಾಂಡಿನಲ್ಲಿ
ಇಪ್ಪತ್ತಾರು ವರ್ಷದಿಂದ ಟೋಕನ್ ಕೊಡುವವನು ನಾನು.
ಪಿಚ್ಚರ್ ನೋಡುವುದು ಕಮ್ಮಿ.
ಆಟ ಬಿಟ್ಟಾಗ ಜನರ ಮುಖ ನೋಡಿದರೆ ಸಾಕು,
ಎಷ್ಟು ದಿನ ಓಡುತ್ತದೆಂದು ಹೇಳಬಲ್ಲೆ.

ಸೂರಪನಾಯಕನ ಪಿಚ್ಚರಿಗೆ ಮಾತ್ರ
ಲೆಕ್ಕ ತಪ್ಪಿತು.

ದುರ್ಗದ ಮಕ್ಕಳು ಅನ್ನದ ಜೊತೆ ಉಂಡ ಕತೆ ಅದು:
ಬಿಳಿಕುದುರೆ, ಮುತ್ತಿಗೆಯ ರಾತ್ರಿ,
ಒಂದೇ ನೆಗೆತಕ್ಕೆ ಕಂದಕ ದಾಟಿದ್ದು.
ಬಂಡೆಯ ಮೇಲೆ ಇನ್ನೂ ಇದೆ ಗೊರಸಿನ ಗುರುತು.
ಮಳೆ ಹುಯ್ದರೆ ಅದರಲ್ಲಿ ಒಂದು ಬೊಗಸೆ ನೀರು,
ಕುಡಿದರೆ ಹೆದರಿಕೆ ಬಿಡುತ್ತದಂತೆ.
ನಾನೂ ಕುಡಿದಿದ್ದೇನೆ. ಪಾಚಿ ವಾಸನೆ.

ಮೊದಲ ದಿನ, ಮೊದಲ ಆಟ.
ಬುರುಜನಹಟ್ಟಿಯ ಹುಡುಗರು ತಮಟೆ ಬಡಿಯುತ್ತ ಒಳಗೆ ಹೋದರು,
ತಮಟೆ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದರು.
"ಏನ್ರೋ?" ಅಂದೆ.
"ನಾಯಕ ಹೇನು ಕುಕ್ಕುತ್ತಾ ಕೂತವ್ನೆ ಕಣಣ್ಣ."

ಗರಡಿಯ ಕೆಂಚಣ್ಣ ದುಡ್ಡು ವಾಪಸ್ ಕೇಳಿದ,
ಅದೂ ನನ್ನ ಹತ್ತಿರ, ಸ್ಟ್ಯಾಂಡಿನ ಹತ್ತು ರೂಪಾಯಿ!
"ಭೇದಿ ಹತ್ತಿದ ನಾಯಕನ್ನ ತೋರಿಸ್ತಾನೇನೋ ಯಾವನಾದ್ರೂ?
ಆ ಕುದುರೆ... ಥೂ, ಅದೂ ಬಿಳೀದಲ್ಲ!"
ಕೊಟ್ಟುಬಿಟ್ಟೆ. ಅವನ ಕಣ್ಣು ಒದ್ದೆಯಾಗಿತ್ತು.

ಜಿಲ್ಲಾಸ್ಪತ್ರೆಯ ಸಿಸ್ಟರ್ ಫಿಲೋಮಿನಾ ಅಂದಳು:
"ಗಾಯ ಹಂಗೇ ಕೊಳೆಯೋದು. ಮೂರನೇ ದಿನದ ಬಣ್ಣ ಕೂಡ ಸರಿಯಾಗಿದೆ."
ಆಮೇಲೆ ಬಹಳ ಹೊತ್ತು ಕೀ ಹುಡುಕಿದಳು.
ಕೀ ಕೈಯಲ್ಲೇ ಇತ್ತು.

ತಿಪ್ಪೇರುದ್ರಯ್ಯ ಮೇಷ್ಟ್ರು ಹೆಲ್ಮೆಟ್ ಒರೆಸುತ್ತ:
"ಹಿಂಗೇ ಇದ್ದಿರಬೇಕು ಬಿಡಪ್ಪ.
ಆದ್ರೆ ನಾಳೆ ಕ್ಲಾಸಿನಲ್ಲಿ ಹಳೇದನ್ನೇ ಹೇಳ್ತೀನಿ."
ಅವರ ಹೆಂಡತಿ:
"ಊರೆಲ್ಲ ಕೆಸರು, ಅವನ ಹೆಂಡ್ತಿ ಸೀರೆ ನೆರಿಗೆ ಮಾತ್ರ
ಒಂದೂ ಕೆಟ್ಟಿರಲಿಲ್ಲ, ನೋಡಿದ್ರಾ?"

ಕಿಕ್ ಹತ್ತದ ಗಾಡಿಯ ಮೇಲೆ ಕೂತ ಒಂದು ಹುಡುಗಿ
ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿತು:
"ಕುದುರೆ ಸತ್ತಿದ್ದು ಸುಳ್ಳು ಅಲ್ವಾ?"
ನೋಡದೆಯೇ ಅಂದೆ, "ಸುಳ್ಳು."

ನಾಲ್ಕನೇ ದಿನ ಮ್ಯಾಟ್ನಿಗೆ ಹನ್ನೊಂದೇ ಗಾಡಿ.
ಸರಪಳಿ ಎಳೆದು, ಬೀಗ ಹಾಕಿ, ಒಳಗೆ ಹೋದೆ.
ಹಾಡಿಲ್ಲ. ಗಾಳಿ, ಕೆಮ್ಮು,
ಕತ್ತಲಲ್ಲಿ ಯಾರೋ ಉಚ್ಚೆ ಹೊಯ್ಯುವ ಸದ್ದು.
ಜೋಗಿಮಟ್ಟಿ ಗಾಳಿ ನಮಗೆ ಹೊಸದೇ? ಆದರೂ ಚಳಿಯಾಯಿತು.

ಆಗ, ನೆಗೆತಕ್ಕೆ ಸ್ವಲ್ಪ ಮುಂಚೆ,
ಪರದೆಯ ಮೂಲೆಯಲ್ಲಿ ಬಗ್ಗಿ ನಿಂತ ಒಬ್ಬ,
ಕುದುರೆಯ ಗೊರಸನ್ನು ತೊಡೆಗಳ ನಡುವೆ ಅವುಚಿಕೊಂಡು,
ಬಾಯ್ತುಂಬ ಮೊಳೆ.
ತುಟಿಯಿಂದ ಒಂದು ತೆಗೆದ, ಹೊಡೆದ.
ಇನ್ನೊಂದು ತೆಗೆದ, ಹೊಡೆದ.
ಉಳಿದದ್ದನ್ನು ಅಂಗೈಗೆ ಉಗಿದು ಎದ್ದುಹೋದ.
ಅಷ್ಟೇ. ಮಾತಿಲ್ಲ. ಹೆಸರಿಲ್ಲ.

ನಮ್ಮಪ್ಪ ಇಮಾಂಸಾಬು
ಸಂತೆಹೊಂಡದ ಬದಿ ಜಟಕಾ ಕುದುರೆಗಳಿಗೆ ಲಾಳ ಹೊಡೆದವನು,
ಜಟಕಾಗಳು ಮುಗಿಯುವ ತನಕ.
ಸ್ಕೂಲಿನ ಫೀಸು ಕೇಳಿದರೆ ಮೂಗಿನಲ್ಲೇ "ಹ್ಞೂಂ."
ಬಾಯಿ ಯಾವತ್ತೂ ಖಾಲಿ ಇರುತ್ತಿರಲಿಲ್ಲ.
ರಾತ್ರಿ ಮಾತ್ರ, ಮೊಳೆ ಡಬ್ಬಿಗೆ ಹಾಕಿ,
ಸೂರಪನಾಯಕನ ಕತೆ ಹೇಳುತ್ತಿದ್ದ.
ಕುದುರೆ ನೆಗೆಯುತ್ತಿತ್ತು, ನೆಗೆಯುತ್ತಲೇ ಇತ್ತು.
ಅದಕ್ಕೆ ಲಾಳ ಹೊಡೆದವರು ಯಾರೆಂದು
ನಾನು ಕೇಳಲಿಲ್ಲ.
ಅಪ್ಪನಿಗೂ ಹೊಳೆಯಲಿಲ್ಲ.

ಅವತ್ತಿಂದ ಟೋಕನ್ ವಾಪಸ್ ಕೊಡುವವರನ್ನೆಲ್ಲ ಕೇಳಿದೆ:
"ಲಾಳ ಹೊಡೆಯೋನು ಹೆಂಗಿದ್ದ?"
"ಯಾವನು?" ಅಂದರು.

ಗುರುವಾರ, ಕೊನೆಯ ಆಟಕ್ಕೆ
ಕೆಂಚಣ್ಣ ಮತ್ತೆ ಬಂದ, ಟವೆಲ್ಲಿನಲ್ಲಿ ಮುಖ ಮರೆಸಿಕೊಂಡು.
ಬಿಟ್ಟ ಮೇಲೆ ಹೋಗದೆ ನಿಂತ.
"ನೀನು ನೋಡ್ದೇನೋ ನಬಿ?"
"ನೋಡ್ದೆ."
"ನಮ್ಮ ನಾಯಕ ಬೀಳಬಾರದಿತ್ತು ಕಣೋ."

ಮೇಲೆ ಬೆಟ್ಟದಲ್ಲಿ ಫ್ಯಾನುಗಳ ಕೆಂಪು ದೀಪ
ಹತ್ತಿ ಆರುತ್ತಿದ್ದವು.
ನನಗೆ ಗೊತ್ತಿದ್ದದ್ದು ಒಂದೇ, ಅದನ್ನೇ ಹೇಳಿದೆ:
"ನಾಲ್ಕೂ ಲಾಳ ಭದ್ರವಾಗಿದ್ವು ಅಣ್ಣ.
ಜಾರಿದ್ದು ಬಂಡೆ."

ನನ್ನನ್ನೇ ನೋಡಿದ.
ಟೋಕನ್ ಕೊಟ್ಟ. ಹತ್ತು ರೂಪಾಯಿ ಕೇಳಲಿಲ್ಲ.