ಆರನೆಯ ಪ್ಯಾಂಟು

ಜೈಸಲ್ಮೇರ್ ಅಂತ ಚೀಟಿ ಅಂಟಿಸಿದ್ದ ಡಬ್ಬಿಯ ದುಡ್ಡು
ಓವರ್‌ಲಾಕ್ ಮಿಷನ್ನಿನ ಮೋಟಾರಿಗೆ ಹೋಯಿತು.
ಇಪ್ಪತ್ತನೇ ವರ್ಷಕ್ಕೆ ಮರುಭೂಮಿ ತೋರಿಸ್ತೀನಿ ಅಂದಿದ್ದವನು
ಇಪ್ಪತ್ತೊಂದಕ್ಕೆ ಅಂದ:
‘ನಮ್ಮದೇ ಒಂದು ಐತಲ್ಲ ವನ್ನೂರಿ, ಕಣೇಕಲ್ಲಿನ ಹತ್ರ.
ಹಂಗೇ ಬಳ್ಳಾರಿಗೆ ಮಾಲು ಹಾಕಿ ಬಂದಂಗಾಯ್ತು.’

ಹೀಗೆ ಹೊರಟೆವು ರಾಯದುರ್ಗದಿಂದ.
ಮೂರನೆಯ ಕೈಯ ಆಮ್ನಿ, ಹಿಂದಿನ ಸೀಟು ಕಿತ್ತ ಜಾಗದಲ್ಲಿ
ನಲವತ್ತು ಜೀನ್ಸು. ಮುಂದೆ ನಾವಿಬ್ಬರು,
ನಡುವೆ ಚಿತ್ರಾನ್ನದ ಡಬ್ಬಿ, ಮತ್ತೆ
ಹಿಂದಿನ ರಾತ್ರಿಯಿಂದ ಮುಗಿಯದ ಒಂದು ಮಾತು.
(ಅವನ ತಂಗಿ ಒಯ್ದ ನನ್ನ ಸರದ್ದು. ಇಲ್ಲಿ ಬೇಡ.)

ಮೊದಲು ಸಿಕ್ಕಿದ್ದು ಮರುಭೂಮಿಯಲ್ಲ, ಕಾಲುವೆ.
ತುಂಗಭದ್ರೆಯ ನೀರು ತುಂಬಿ ಹರಿಯುತ್ತಿತ್ತು,
ಎರಡೂ ಕಡೆ ಬತ್ತ, ಬತ್ತದ ತುಂಬ ಬೆಳ್ಳಕ್ಕಿ.
‘ಇದೇನಾ ನಿನ್ನ ಜೈಸಲ್ಮೇರು?’ ಅಂದೆ.
ನಗಿಸಲೆಂದೇ ಅಂದದ್ದು. ಎರ್ರಿಸ್ವಾಮಿ ಗೇರು ಬದಲಿಸಿದ,
ಬೇಡದಿದ್ದರೂ.

ಆಮೇಲೆ, ಬಳ್ಳಾರಿ ಜಾಲಿಯ ಸಾಲು ಮುಗಿದು
ಹಗರಿಯ ದಂಡೆ ತಿರುಗಿದ ಕೂಡಲೇ
ಹಸಿರನ್ನು ಯಾರೋ ಕತ್ತರಿ ಹಾಕಿ ನಿಲ್ಲಿಸಿದ ಹಾಗೆ
ಮರಳು.
ಗುಡ್ಡ ಗುಡ್ಡ ಮರಳು.
ಅದರ ಮೈಮೇಲೆ ಗಾಳಿ ಎಳೆದ ಗೆರೆಗಳು;
ನನಗೆ ಸೀರೆಯ ನೆರಿಗೆ ಕಂಡವು,
ಅವನು ಕೂತು, ಬೆರಳಿಟ್ಟು ನೋಡಿ,
‘ಡಬಲ್ ಸ್ಟಿಚ್ಚು ಕಣೇ’ ಅಂದ. ‘ಒಂದೂ ತಪ್ಪಿಲ್ಲ.’

ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದ,
ಮಂಡಿನೋವಿನ ಗಂಡಸು,
ತುದಿಗೆ ಹೋಗಿ ಅಡ್ಡ ಮಲಗಿ ಉರುಳಿಯೇ ಬಿಟ್ಟ,
ಕಣದಲ್ಲಿ ಬಿದ್ದ ಕುಂಬಳಕಾಯಿ ಹಾಗೆ.
ಹಲ್ಲಿನ ತುಂಬ ಮರಳು, ನಗು.
ನಾನು ತೆಗೆದ ಫೋಟೋದಲ್ಲಿ
ಅರ್ಧ ನನ್ನ ಬೆರಳು, ಅರ್ಧ ಅವನು.
ಇಪ್ಪತ್ತೊಂದು ವರ್ಷದಲ್ಲಿ ಆ ನಗು
ನಾನು ನೋಡಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಲು ಹೋಗಿ
ಬಿಟ್ಟೆ.

ವಾಪಸು ಬಂದರೆ ಆಮ್ನಿ ಏಳಲೊಲ್ಲದು.
ರಿವರ್ಸ್ ಹಾಕು ಅಂದೆ. ನೀ ಸುಮ್ಮನಿರು ಅಂದ.
ಒತ್ತಿದಷ್ಟೂ ಇಳಿಯಿತು ಚಕ್ರ.
ನೀರೆಲ್ಲಿ? ರೇಡಿಯೇಟರಿಗೆ ಸುರಿದಿದ್ದ.
ಮಟಮಟ ಮಧ್ಯಾಹ್ನ. ಆಗ ಬಂತು ನೋಡಿ ಸರದ ಮಾತು,
ತಾನಾಗಿಯೇ, ನಾವಿಬ್ಬರೂ ಕರೆಯದೆ.
ಅವನು ಅಂದದ್ದು ಬರೆಯುವುದಿಲ್ಲ.
ನಾನು ಅಂದದ್ದು ಅದಕ್ಕಿಂತ ಕೆಟ್ಟದ್ದು.

ಕುರಿಗಳು ಮೊದಲು ಬಂದವು, ಹಿಂದೆ ಗಾದಿಲಿಂಗಪ್ಪ.
‘ಇಸುಕ ಚೂಡನೀಕೆ ವಚ್ಚಿನಾರಾ?’ ಅಂದ.
ಮರಳು ನೋಡಲು ಬಂದವರನ್ನು
ಕುರಿಗಳೂ ನಿಂತು ನೋಡಿದವು.
ನನ್ನ ಮುಖ ಕಂಡು ಕನ್ನಡಕ್ಕೆ ತಿರುಗಿದ:
‘ಆಷಾಢದ ಗಾಳಿಗೆ ಇದು ಎದ್ದು ನಡೀತೈತಕ್ಕಾ.
ನಮ್ಮಪ್ಪನ ಹೊಲ ಇದರ ಕೆಳಗೇ ಐತಿ.
ಅಣ್ಣಾ ಉರುಳಿದ್ರಲ್ಲ, ಅಲ್ಲೇ.’
ದೂರಿನ ದನಿಯಿಲ್ಲ. ಅಂಗಡಿ ಎಲ್ಲಿ ಅಂದರೆ
ತೋರಿಸುವ ಹಾಗೆ ತೋರಿಸಿದ.
ಎರ್ರಿಸ್ವಾಮಿ ಅಂಗಿಯ ಮರಳು ಕೊಡವುತ್ತಿದ್ದವನು
ಕೊಡವುವುದನ್ನು ನಿಲ್ಲಿಸಿದ.

ಗಂಟು ಬಿಚ್ಚಿದವಳು ನಾನೇ.
ನಾನೇ ಗುಂಡಿ ಕೂರಿಸಿದ ಆರು ಪ್ಯಾಂಟು
ಚಕ್ರದ ಕೆಳಗೆ ಹಾಸಿದೆ. ‘ಮಾಲು ಕಣೇ’ ಅಂದ ಗಂಡ,
ಅಷ್ಟೇ ಅಂದ. ಆಮೇಲೆ ತಾನೂ ಬಗ್ಗಿ
ಒಂದರ ಕಾಲು ನೆಟ್ಟಗೆ ಎಳೆದ.
ನಾನು, ಗಾದಿಲಿಂಗಪ್ಪ ಹಿಂದಿನಿಂದ ತಳ್ಳಿದೆವು.
ಆಮ್ನಿ ಕೆಮ್ಮಿತು, ಕುಣಿಯಿತು, ಬಂತು.
ಚಿತ್ರಾನ್ನ ಮೂವರಿಗೂ ಆಯಿತು,
ಅವನ ಸೋರೆಬುರುಡೆಯ ನೀರು ನಮಗೆ.

ಬಳ್ಳಾರಿಯಲ್ಲಿ ಸೇಠು ಟೈರಿನ ಗುರುತು ಹಿಡಿದು ನೋಡಿ
‘ಹೊಸ ಡಿಜೈನಾ?’ ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ,
ನೋಡಿದ್ದರೆ ನಕ್ಕುಬಿಡುತ್ತಿದ್ದೆವು.
ಆಮೇಲೆ ವಾಸನೆ ನೋಡಿ ಐವತ್ತೈವತ್ತು ಮುರಿದುಕೊಂಡ.

ಎಣಿಸಿದರೆ ಐದೇ.
ಆರನೆಯದು ಅಲ್ಲೇ ಉಳಿದಿದೆ,
ಮೂವತ್ತನಾಲ್ಕರ ಸೈಜು, ಕಡುನೀಲಿ.
ಆಷಾಢ ಬಂತು. ರಾತ್ರಿ ಕಿಟಕಿ ಬಡಿದಾಗ
ಪಕ್ಕದಲ್ಲಿ ಅವನೂ ಎಚ್ಚರವಿರುತ್ತಾನೆ.
‘ಎಲ್ಲಿಗೆ ಬಂದಿರಬಹುದೇ ಈಗ?’ ಅನ್ನುತ್ತಾನೆ ಕತ್ತಲಿಗೆ.
ಸರದ ಮಾತು ಇನ್ನೂ ಮುಗಿದಿಲ್ಲ.
‘ಬೊಮ್ಮನಹಾಳು ದಾಟಿರಬೇಕು’ ಅನ್ನುತ್ತೇನೆ,
ಕಾಲಿಲ್ಲದ ಪ್ಯಾಂಟೊಂದು ಗಾಳಿಯಲ್ಲಿ
ನಡೆದು ಹೋಗುವುದನ್ನು ನೋಡುತ್ತ.