ತೋಪಿನ ಜಾಗಾ

ನಮ್ಮ ಹಿತ್ತಲದಾಗ
ಹದಿನಾಲ್ಕು ಫೂಟು ಉದ್ದ, ಐದು ಫೂಟು ಅಗಲ
ಒಂದು ಜಾಗಾ ಖಾಲಿ ಐತಿ.
ಅಲ್ಲಿ ತುಳಸಿಕಟ್ಟಿ ಇಲ್ಲ, ನಳ ಇಲ್ಲ,
ಅರಬಿ ಒಣಗಿಸೂ ಹಗ್ಗಾನೂ
ಅದನ್ನ ಸುತ್ತುಹಾಕಿಕೊಂಡು ಹೋಗತೈತಿ.
ನಾವು ಅದಕ್ಕ ಅನ್ನೂದು: ತೋಪಿನ ಜಾಗಾ.

ಮನಿಗೆ ಹೊಸ ಸೊಸಿ ಬಂದರ
ಮೊದಲನೇ ವಾರದಾಗ ಹೇಳಬೇಕಾಗತೈತಿ.
ನಗತಾಳ.
ಆಮ್ಯಾಲ ಊರು ತೋರಸಾಕ ಕರಕೊಂಡು ಹೋಗಿ
ಶೆರ್ಜಾ ಬುರುಜಿನ ಮ್ಯಾಲ ನಿಲ್ಲಿಸಿದರ
ನಗು ನಿಲ್ಲತೈತಿ.
ಕಂಚಿನ ಸಿಂಹದ ಬಾಯಿ, ಹಲ್ಲಾಗ ಸಿಕ್ಕ ಆನಿ,
ಐವತ್ತೈದು ಟನ್ನಿನ ಮಲಿಕ್-ಎ-ಮೈದಾನ.
ಉರಿಬಿಸಲಾಗ ಕೈ ಇಟ್ಟರೂ
ತುಂಬಿದ ಕೊಡದ ಹೊಟ್ಟಿ ಹಂಗ ತಂಪು ಅಂತಾರ.

ಸಾವಿರದ ಎಂಟುನೂರಾ ಐವತ್ತನಾಲ್ಕು.
ಸಾತಾರದ ಸಾಹೇಬನ ಹುಕುಂ ಬಂತು:
ಕೆಲಸಕ್ಕ ಬಾರದ ಸಾಮಾನು ಮಾರಿಬಿಡ್ರಿ.
ಮುರಕ ಬಾಗಲಾ, ತುಕ್ಕು ಹಿಡದ ಗುಂಡು,
ಅದರ ಹಿಂದ ತೋಪೂ ಲಿಲಾವಿಗೆ ಬಂತು.
ನಮ್ಮ ಮುತ್ಯಾನ ಮುತ್ಯಾ, ದುಂಡಪ್ಪ ಕಂಚಗಾರ,
ಕುಲುಮಿ ಮಸಿ ತೊಳೀದ ಕೈ ಎತ್ತಿ ಕೂಗಿದನಂತ:
ನೂರಾ ಐವತ್ತು!
ಮುಂದ ಯಾರೂ ಕೂಗಲಿಲ್ಲ.
ಒಂದು ಕಾಗಿ ಕೂಗಿತಂತ,
ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಪರಾಂಡಾದಿಂದ ಅದನ್ನ ಎಳದು ತರಾಕ
ಹತ್ತು ಆನಿ, ನಾನೂರು ಎತ್ತು ಹತ್ತಿದ್ದುವಂತ.
ದುಂಡಪ್ಪನ ಹತ್ರ ಇದ್ದದ್ದು
ಒಂದು ಎಮ್ಮಿ. ಅದೂ ಗಬ್ಬ.

ಆ ರಾತ್ರಿ ಮಲಗಲಿಲ್ಲ.
ಗುರುಬಸವ್ವ ಕಂದೀಲು ಹಿಡದು ನಿಂತಾಳ,
ಇಂವ ಗೋಡಿ ಮ್ಯಾಲ ಇದ್ದಲಿಲೆ ಬರೀಲಿಕ್ಕೆ ಹತ್ಯಾನ:
ತಂಬಿಗಿ ಇಷ್ಟು, ಗಂಗಾಳ ಇಷ್ಟು,
ಗುಡಿ ಗಂಟಿ, ಎತ್ತಿನ ಕೊರಳ ಗಂಟಿ,
ಕೂಸಿನ ಹಾಲಿನ ಬಟ್ಟಲಾ...
ಗೋಡಿ ತೀರಿತು, ತೋಪು ತೀರಲಿಲ್ಲ.
ಕ್ವಾಟಿ ಕ್ವಾಟಿಗೆ ನೀರು ಕುಡಿಸಿದ್ದು
ಇನ್ನ ಮನಿ ಮನಿಗೆ ನೀರು ಕುಡಿಸತೈತಿ
ಅಂತ ಅಂದನಂತ.
ಬೆಳಗಾಗೂದರಾಗ ಹಿತ್ತಲದಾಗ ಗೂಟ ಬಡದು
ಜಾಗಾ ಅಳದಿದ್ದ.

ಆದರ ಮಾಮಲೇದಾರ ಮ್ಯಾಲಿನವರಿಗೆ ಬರದ:
ಬೆಲಿ ಭಾಳ ಕಡಿಮಿ ಆತು,
ಮತ್ತ ಇಲ್ಲಿ ಮಂದಿ ಅದಕ್ಕ ನಡಕೋತಾರ.
ಲಿಲಾವು ರದ್ದು.

ರದ್ದು ಅಂದರ?
ನಮ್ಮ ಆಯಿ ಸಾಯೂ ತನಕ ಕೇಳತಿದ್ದಳು.
ರೊಕ್ಕ ಹೊಳ್ಳಿ ಕೊಟ್ಟರೋ, ಇಲ್ಲೋ?

ನಾನೂ ಹುಡುಕೀನಿ.
ಹಳೇ ಸರಕಾರಿ ಪುಸ್ತಕದಾಗ ಲಿಲಾವು ಐತಿ,
ನೂರಾ ಐವತ್ತು ಐತಿ, ಮಾಮಲೇದಾರ ಅದಾನ.
ಕೂಗಿದವನ ಹೆಸರು ಸಿಗಲಿಲ್ಲ.
ಅದು ನಮ್ಮ ಮನ್ಯಾಗ ಅಷ್ಟ ಐತಿ.
ಎಂಥಾ ಚ್ಯಾಷ್ಟಿ ನೋಡ್ರಿ:
ಜಗತ್ತು ನಡಗಿಸಿದ ತೋಪಿಗೆ ಬೆಲಿ ನೂರಾ ಐವತ್ತು,
ಈ ಸುಳ್ಳಿನಂಥಾದ್ದು ಅಚ್ಚಾಗೈತಿ.
ಒಬ್ಬ ಕಂಚಗಾರನಿಗೆ ಕಂಚಿನ ಆಸೆ ಆತು,
ಈ ಸಾದಾ ಮಾತಿಗೆ ಪುರಾವಿ ಇಲ್ಲ.

ಈಗ ನಮ್ಮದು ಸ್ಟೀಲಿನ ಅಂಗಡಿ.
ಹಳೇ ಕಂಚು ತೂಕಕ್ಕ ಬರತೈತಿ.
ತಕ್ಕಡ್ಯಾಗ ಇಡೂ ಮೊದಲ
ಉಗುರಿಲೆ ಒಮ್ಮೆ ಬಡದು ಕೇಳತೀನಿ.
ಯಾಕ ಅಂತ ಗಿರಾಕಿ ಕೇಳಿದರ
ರೂಢಿ ಅಂತೀನಿ.

ಹೋದ ತಿಂಗಳ ಬಾಜೂ ಮನಿ ಇನಾಮದಾರರು ಬಂದಿದ್ದರು.
ಕಾರು ನಿಲ್ಲಸಾಕ ಆ ಜಾಗಾ ಕೊಡ್ರಿ,
ನೀವು ಹೇಳಿದ್ದ ರೇಟು.
ಅಪ್ಪ ಚಹಾ ಪೂರ್ತಿ ಕುಡದ.
ಬಸಿ ಕೆಳಗ ಇಟ್ಟ.
ಹಿತ್ತಲದ ಕಡೆ ನೋಡಿ, ಗಂಟಲಾ ಸರಿ ಮಾಡಿಕೊಂಡು ಅಂದ:
ಕೊಡಬಹುದಿತ್ರಿ.
ಆದರ ನಾಳೆ ಅವರು ಮನಸ್ಸು ಮಾಡಿ ಕಳಿಸಿಬಿಟ್ಟರ
ಎಲ್ಲಿ ಇಳಿಸೂಣು?